ಮನೆಯ ಪಾಸ್‌ವರ್ಡುಗಳೆಲ್ಲ ಒಂದೇ ಕೀಲಿಯ ವಶಕ್ಕೆ: ಪರ-ವಿರೋಧ

ವಿದ್ಯುಚ್ಛಕ್ತಿಯ ಬಿಲ್ಲು, ಅಡುಗೆ ಅನಿಲದ ಬುಕಿಂಗು, ರೈಲಿನ ಟಿಕೆಟು, ಆದಾಯ ತೆರಿಗೆಯ ರಿಟರ್ನು, ಭವಿಷ್ಯನಿಧಿಯ ಪಾಸ್‌ಬುಕ್ಕು, ಸೇವಾ ಸಿಂಧುವಿನ ಅರ್ಜಿ, ಮಕ್ಕಳ ಶಾಲೆಯ ಶುಲ್ಕ, ಎರಡೋ ಮೂರೋ ಬ್ಯಾಂಕು, ಇವೆಲ್ಲಕ್ಕೂ ಆಧಾರವಾಗಿ ಒಂದು ಇ-ಮೇಲ್, ಹೀಗೆ ನಮ್ಮ ನಾಡಿನ ಸಾಧಾರಣ ಸಂಸಾರವೊಂದು ದಿನ ಸಾಗಿಸುವುದಕ್ಕೆ ಬೇಕಾದ ಖಾತೆಗಳನ್ನು ಎಣಿಸಲು ಕೈಬೆರಳುಗಳು ಸಾಲವು. ಪ್ರತಿಯೊಂದಕ್ಕೂ ಪ್ರತ್ಯೇಕವಾದ, ದೀರ್ಘವಾದ, ಪರರ ಊಹೆಗೆ ನಿಲುಕದ ಪಾಸ್‌ವರ್ಡ್ ಇರತಕ್ಕದ್ದೆಂಬುದು ಎಲ್ಲರೂ ಒಪ್ಪಿದ ಮಾತು. ಈ ಸಮಸ್ತ ಗುಪ್ತಪದಗಳನ್ನೂ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಒಂದು ತಂತ್ರಾಂಶಕ್ಕೆ ಒಪ್ಪಿಸಿ, ಅದನ್ನು ತೆರೆಯುವ ಒಂದು ಮುಖ್ಯ ಪಾಸ್‌ವರ್ಡನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ನಿಶ್ಚಿಂತರಾಗುವುದು ಗೃಹಸ್ಥರಿಗೆ ಯುಕ್ತವೆ, ಅಯುಕ್ತವೆ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಮನುಷ್ಯನ ಬುದ್ಧಿಯು ಎಷ್ಟೇ ಸಮರ್ಥವಾದರೂ, ಅರ್ಥಸಂಬಂಧವಿಲ್ಲದ ಅಕ್ಷರಸಮೂಹಗಳನ್ನು ಕಲ್ಪಿಸುವುದರಲ್ಲಿಯೂ, ಕಲ್ಪಿಸಿದುದನ್ನು ಧಾರಣೆ ಮಾಡುವುದರಲ್ಲಿಯೂ ಅದು ದುರ್ಬಲವೆಂಬುದೇ ಈ ಪಕ್ಷದ ಮೊದಲನೆಯ ಹಾಗೂ ಪ್ರಬಲವಾದ ವಾದ. ಇದು ಬರಿಯ ಊಹೆಯಲ್ಲ. 1979ರಷ್ಟು ಹಿಂದೆಯೇ ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು, ಬಳಕೆದಾರರಿಂದ ಸಂಗ್ರಹಿಸಿದ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 86 ತೀರ ಹ್ರಸ್ವವಾದವೋ ನಿಘಂಟಿನಲ್ಲಿ ದೊರೆಯುವ ಪದಗಳೋ ಆಗಿದ್ದು ಅನಾಯಾಸವಾಗಿ ಭೇದಿಸತಕ್ಕವೆಂದು ಪ್ರಕಟಿಸಿದರು. ನಮ್ಮ ಮನೆಗಳಲ್ಲಿಯೂ ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ, ಇಲ್ಲವೆ ಮನೆದೇವರ ಹೆಸರಿನ ಮುಂದೆ ಒಂದು ಆಟ್ ಚಿಹ್ನೆ ಮತ್ತು 123, ಇವುಗಳನ್ನು ಮೀರಿದ ಪಾಸ್‌ವರ್ಡುಗಳು ವಿರಳ. ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕೆಂಬ ನಿರ್ಬಂಧ ಬಂದಾಗ 123 ಎಂಬುದು 124 ಆಗುತ್ತದೆ, ಅಷ್ಟೆ. ದೊಡ್ಡಕ್ಷರ, ಅಂಕಿ, ಚಿಹ್ನೆ ಎಂಬ ಕಟ್ಟಳೆಗಳನ್ನು 2003ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯ ಪರವಾಗಿ ಬರೆದ ಬಿಲ್ ಬರ್ ಅವರೇ 2017ರಲ್ಲಿ ತಾವು ಕೊಟ್ಟ ಸಲಹೆಯ ಬಗೆಗೆ ಬಹಿರಂಗವಾಗಿ ವಿಷಾದಪಟ್ಟರು. ಅದೇ ವರ್ಷ ಆ ಸಂಸ್ಥೆಯು ನಿಯತಕಾಲಕ್ಕೊಮ್ಮೆ ಬದಲಾವಣೆಯನ್ನು ಬಲಾತ್ಕರಿಸಕೂಡದೆಂದೂ, ಪಾಸ್‌ವರ್ಡನ್ನು ಪೇಸ್ಟ್ ಮಾಡುವುದಕ್ಕೆ ಅವಕಾಶವಿರಬೇಕೆಂದೂ ಹೊಸ ಮಾರ್ಗಸೂಚಿಯನ್ನು ಹೊರಡಿಸಿತು.

ದೌರ್ಬಲ್ಯಕ್ಕಿಂತಲೂ ಘೋರವಾದದ್ದು ಪುನರುಪಯೋಗ. 2020ರ ನವೆಂಬರಿನಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಸೋರಿಹೋದುವೆಂಬ ವಾರ್ತೆ ಬಂದಾಗ, ತರಕಾರಿ ತರಿಸಿಕೊಂಡ ಲೆಕ್ಕ ಯಾರಿಗೆ ತಿಳಿದರೇನೆಂದು ಉಪೇಕ್ಷಿಸಿದವರು ಬಹಳ ಮಂದಿ ಇದ್ದಿರಬೇಕು. ಆದರೆ ಚೋರನಿಗೆ ಬೇಕಾದದ್ದು ತರಕಾರಿಯ ಲೆಕ್ಕವಲ್ಲ. ಒಂದೆಡೆ ದೊರೆತ ಇ-ಮೇಲ್ ವಿಳಾಸವನ್ನೂ ಪಾಸ್‌ವರ್ಡನ್ನೂ ಯಂತ್ರದ ಸಹಾಯದಿಂದ ನೂರಾರು ಬೇರೆ ತಾಣಗಳಲ್ಲಿ ಪ್ರಯೋಗಿಸಿ, ಎಲ್ಲಿ ಕದ ತೆರೆಯುವುದೋ ಅಲ್ಲಿ ನುಗ್ಗುವುದೇ ಅವನ ಪದ್ಧತಿ. ಒಂದು ಖಾತೆಯ ಪಾಸ್‌ವರ್ಡಿಗೂ ಮತ್ತೊಂದರದ್ದಕ್ಕೂ ಯಾವ ಸಂಬಂಧವೂ ಇಲ್ಲದಂತೆ, ಇಪ್ಪತ್ತು ಅಕ್ಷರಗಳ ಯಾದೃಚ್ಛಿಕ ಪಾಸ್‌ವರ್ಡನ್ನು ಪ್ರತಿಯೊಂದಕ್ಕೂ ರಚಿಸಿ ಕೊಟ್ಟು ತಾನೇ ನೆನಪಿಡುವ ಮ್ಯಾನೇಜರ್ ಇದ್ದಲ್ಲಿ ಈ ಪದ್ಧತಿಯು ಸಂಪೂರ್ಣವಾಗಿ ವಿಫಲವಾಗುತ್ತದೆ.

ಇನ್ನೊಂದು ಉಪಕಾರವನ್ನು ಬಹುಮಂದಿ ಗಮನಿಸಿಲ್ಲ. ಬ್ಯಾಂಕಿನಿಂದ ಬಂದಂತೆ ತೋರುವ ಸಂದೇಶವೊಂದು ಮೊಬೈಲಿಗೆ ಬರುತ್ತದೆ: ಕೆವೈಸಿಯ ಅವಧಿ ಮುಗಿದಿದೆ, ಸಂಜೆಯೊಳಗೆ ನವೀಕರಿಸದಿದ್ದರೆ ಖಾತೆ ಸ್ಥಗಿತವಾಗುವುದು. ಲಿಂಕನ್ನು ಒತ್ತಿದರೆ ಅದೇ ಲಾಂಛನ, ಅದೇ ಬಣ್ಣ, ಅದೇ ಎರಡು ಚೌಕಗಳು. ವಿಳಾಸದಲ್ಲಿ ಮಾತ್ರ ಒಂದಕ್ಷರ ಹೆಚ್ಚು, ಅಥವಾ ಬ್ಯಾಂಕಿನ ಹೆಸರಿನ ಹಿಂದೆ ಒಂದು ಅಪರಿಚಿತವಾದ ಬಾಲ. ಕನ್ನಡಕ ಹುಡುಕುತ್ತಿರುವ ವೃದ್ಧರಿಗೆ ಆ ಒಂದಕ್ಷರ ಕಾಣಿಸದು. ಮ್ಯಾನೇಜರ್ ಚಿತ್ರವನ್ನು ನೋಡುವುದಿಲ್ಲ, ವಿಳಾಸವನ್ನು ಮಾತ್ರ ಹೋಲಿಸುತ್ತದೆ. ಹೋಲದಿದ್ದರೆ ಪಾಸ್‌ವರ್ಡನ್ನು ತುಂಬದೆ ಸುಮ್ಮನಿರುತ್ತದೆ. ದಿನವೂ ತಾನಾಗಿ ತುಂಬುತ್ತಿದ್ದ ಚೌಕವು ಇಂದೇಕೆ ಬರಿದಾಗಿದೆ ಎಂಬ ಶಂಕೆಯೊಂದೇ ಎಷ್ಟೋ ಸಂಸಾರಗಳ ಉಳಿತಾಯವನ್ನು ಕಾಯಬಲ್ಲುದು.

ಎಲ್ಲವನ್ನೂ ಯಾವುದೋ ಪರದೇಶದ ಕಂಪನಿಯ ಕೈಗೆ ಕೊಟ್ಟಂತಾಗಲಿಲ್ಲವೆ ಎಂದು ಕೇಳುವವರಿಗೆ ಈ ಪಕ್ಷದವರು ಮ್ಯಾನೇಜರಿನ ರಚನೆಯನ್ನು ವಿವರಿಸುತ್ತಾರೆ. ಮುಖ್ಯ ಪಾಸ್‌ವರ್ಡು ಬಳಕೆದಾರನ ಯಂತ್ರವನ್ನು ಬಿಟ್ಟು ಹೊರಕ್ಕೆ ಹೋಗುವುದಿಲ್ಲ. ಅಲ್ಲಿಯೇ ಅದನ್ನು ಲಕ್ಷಾಂತರ ಬಾರಿ ಗಣಿತಕ್ರಿಯೆಗೆ ಒಳಪಡಿಸಿ ಬಂದ ಕೀಲಿಯಿಂದ ಸಂಗ್ರಹವೆಲ್ಲ ಗೂಢಲಿಪಿಗೆ ಪರಿವರ್ತಿತವಾಗಿ, ಆ ಗೂಢಲಿಪಿ ಮಾತ್ರ ಕಂಪನಿಯ ಸರ್ವರಿಗೆ ಸೇರುತ್ತದೆ. 1ಪಾಸ್‌ವರ್ಡ್ ಎಂಬ ತಂತ್ರಾಂಶದಲ್ಲಿ, ಬ್ಯಾಂಕಿನ ಲಾಕರು ಗ್ರಾಹಕನ ಕೀಲಿಯೂ ಬ್ಯಾಂಕಿನ ಕೀಲಿಯೂ ಕೂಡಿದಾಗಲೇ ತೆರೆಯುವಂತೆ, ಮುಖ್ಯ ಪಾಸ್‌ವರ್ಡಿನೊಡನೆ ಯಂತ್ರದಲ್ಲಿ ಹುಟ್ಟಿದ ರಹಸ್ಯಕೀಲಿಯೊಂದೂ ಬೇಕಾಗುತ್ತದೆ. ಬಿಟ್‌ವಾರ್ಡನ್ ಎಂಬ ಇನ್ನೊಂದರ ಮೂಲಸಂಕೇತವು ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ಪ್ರಕಟವಾಗಿದೆ. ಅಂತರ್ಜಾಲದ ಸಹವಾಸವೇ ಬೇಡವೆನ್ನುವವರಿಗೆ ಜರ್ಮನಿಯ ಡೊಮಿನಿಕ್ ರೈಖಲ್ 2003ರಲ್ಲಿ ಆರಂಭಿಸಿದ ಕೀಪಾಸ್ ಇದೆ. ಅದರ ಸಂಗ್ರಹವು ತಮ್ಮ ಕಂಪ್ಯೂಟರಿನಲ್ಲಿಯೇ ಒಂದು ಫೈಲಾಗಿ ಇರುತ್ತದೆ, ಹಣವೂ ಬೇಡ. ಮೊಬೈಲಿನೊಳಗೇ ಗೂಗಲ್ ಮತ್ತು ಆಪಲ್ ಇರಿಸಿರುವ ಮ್ಯಾನೇಜರುಗಳು ಇವುಗಳಷ್ಟು ಸರ್ವಾಂಗಪೂರ್ಣವಲ್ಲದಿದ್ದರೂ, ಏನನ್ನೂ ಬಳಸದಿರುವುದಕ್ಕಿಂತ ಶತಪಾಲು ಮೇಲು.

ಮುಖ್ಯ ಪಾಸ್‌ವರ್ಡನ್ನು ಆರಿಸುವ ಕ್ರಮವಂತೂ ಮನೆಮಂದಿ ಕೂತು ಮಾಡಬಹುದಾದಷ್ಟು ಸುಗಮ. ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 1995ರಲ್ಲಿ ಸೂಚಿಸಿದಂತೆ, 7,776 ಪದಗಳ ಪಟ್ಟಿಯೊಂದನ್ನಿಟ್ಟುಕೊಂಡು, ದಾಳವನ್ನು ಐದು ಬಾರಿ ಉರುಳಿಸಿ ಬಂದ ಅಂಕಿಗಳಿಂದ ಒಂದು ಪದದಂತೆ ಆರು ಪದಗಳನ್ನು ಆರಿಸಿದರೆ, ಸಂಭವನೀಯ ಸಂಯೋಗಗಳು 22ರ ಮುಂದೆ 22 ಸೊನ್ನೆಗಳನ್ನು ಬರೆದಷ್ಟಾಗುತ್ತವೆ. ಆರು ಪದಗಳನ್ನು ಕಂಠಪಾಠ ಮಾಡುವುದು, ಮಗ್ಗಿ ಕಲಿತ ಜನಕ್ಕೆ ಕಷ್ಟವಲ್ಲ. ಪದಗಳು ಕನ್ನಡದವೇ ಆಗಬಹುದು. ಆದರೆ ಒತ್ತುವಾಗ ರೋಮನ್ ಅಕ್ಷರಗಳನ್ನೇ ಉಪಯೋಗಿಸುವುದು ಕ್ಷೇಮ. ಏಕೆಂದರೆ ‘ಕೋಸಂಬರಿ’ಯ ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಮೂರು ಸಂಕೇತಗಳ ಕೂಟವಾಗಿಯೂ ಬರೆಯಲು ಸಾಧ್ಯವಿದ್ದು, ಕಣ್ಣಿಗೆ ಎರಡೂ ಒಂದೇ ಆದರೂ, ಇವನ್ನು ಸಮೀಕರಿಸಿಕೊಳ್ಳದ ತಂತ್ರಾಂಶವು ಒಂದು ಕೀಲಿಮಣೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಮತ್ತೊಂದರಲ್ಲಿ ಒತ್ತಿದಾಗ ತಪ್ಪೆಂದು ತಿರಸ್ಕರಿಸಬಹುದು.

ವಿರೋಧ

ಗಣಿತವು ನಿರ್ದೋಷವಾಗಿದ್ದರೂ ಅದನ್ನು ನಡೆಸುವ ಸಂಸ್ಥೆಗಳು ಮನುಷ್ಯರಿಂದಾದುವು ಎಂಬುದನ್ನು ಪರಪಕ್ಷದವರು ಮರೆಯಬಾರದು. 2022ರ ಆಗಸ್ಟ್‌ನಲ್ಲಿ ಲಾಸ್ಟ್‌ಪಾಸ್ ಎಂಬ ಸುಪ್ರಸಿದ್ಧ ಕಂಪನಿಯೊಳಕ್ಕೆ ಪ್ರವೇಶಿಸಿದ ಚೋರರು, ಅಲ್ಲಿ ದೊರೆತ ಮಾಹಿತಿಯನ್ನೇ ಆಧಾರವಾಗಿಟ್ಟುಕೊಂಡು, ಉದ್ಯೋಗಿಯೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಕೀಲಿಮಣೆಯ ಪ್ರತಿಯೊಂದು ಒತ್ತನ್ನೂ ಕದ್ದು ಓದುವ ತಂತ್ರಾಂಶವನ್ನು ನೆಲೆಗೊಳಿಸಿ, ಕಡೆಗೆ ಗ್ರಾಹಕರ ಸಂಗ್ರಹಗಳ ಪ್ರತಿಗಳನ್ನೇ ಹೊತ್ತೊಯ್ದರು. ಗ್ರಾಹಕರಿಗೆ ಇದು ತಿಳಿದದ್ದು ಡಿಸೆಂಬರಿನ ಕೊನೆಯಲ್ಲಿ. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದುವು, ನಿಜ. ಆದರೆ ಯಾವ ಯಾವ ತಾಣಗಳಲ್ಲಿ ಖಾತೆಯಿದೆಯೆಂಬ ವಿಳಾಸಗಳು ಹಾಗಿರಲಿಲ್ಲ, ಮತ್ತು ಹಳೆಯ ಗ್ರಾಹಕರಲ್ಲಿ ಅನೇಕರ ಮುಖ್ಯ ಪಾಸ್‌ವರ್ಡಿಗೆ ಮೇಲೆ ಹೇಳಿದ ಲಕ್ಷಾಂತರ ಬಾರಿಯ ರಕ್ಷೆಯ ಬದಲು ಕೆಲವೇ ಸಾವಿರದ ರಕ್ಷೆಯಿತ್ತು. ಕದ್ದ ಪ್ರತಿಯನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಚೋರನು ಅದನ್ನು ತನ್ನ ಬಿಡುವಿನಲ್ಲಿ ವರ್ಷಾನುವರ್ಷ ಭೇದಿಸಲು ಯತ್ನಿಸುತ್ತಿರಬಹುದು. ಕಂಪನಿಗಳ ನಿಯಮಗಳನ್ನೂ ನೆಚ್ಚುವಂತಿಲ್ಲ: ಈ ಕಂಪನಿಯೇ 2021ರ ಮಾರ್ಚಿನಲ್ಲಿ, ಅಲ್ಲಿಯವರೆಗೆ ಉಚಿತವಾಗಿ ಮೊಬೈಲು, ಕಂಪ್ಯೂಟರು ಎರಡರಲ್ಲಿಯೂ ಬಳಸುತ್ತಿದ್ದವರಿಗೆ ಎರಡರಲ್ಲೊಂದನ್ನು ಆರಿಸಿಕೊಳ್ಳಿರೆಂದು ನಿಯಮವನ್ನು ಬದಲಾಯಿಸಿತ್ತು.

ಎರಡನೆಯದಾಗಿ, ನಮ್ಮ ನಾಡಿನ ಮನೆಗಳಲ್ಲಿ ಹಣ ಕಳೆದುಹೋಗುವ ಮಾರ್ಗಗಳಿಗೂ ಪಾಸ್‌ವರ್ಡಿಗೂ ಎಷ್ಟೋ ವೇಳೆ ನಂಟೇ ಇರುವುದಿಲ್ಲ. ಪೊಲೀಸಿನವನೆಂದು ಹೇಳಿಕೊಂಡು ವೀಡಿಯೊ ಕರೆಯಲ್ಲಿ ಹೆದರಿಸುವವನು, ಕೊರಿಯರ್ ಕಚೇರಿಯವನೆಂದು ಒಟಿಪಿ ಕೇಳುವವನು, ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತಿರೆನ್ನುವವನು, ಇವರು ಕೇಳುವುದು ಮನುಷ್ಯನ ಭಯವನ್ನೋ ಆಸೆಯನ್ನೋ ಹೊರತು ಪಾಸ್‌ವರ್ಡನ್ನಲ್ಲ. ಎನಿಡೆಸ್ಕ್‌ನಂತಹ ಆ್ಯಪುಗಳನ್ನು ಹಾಕಿಸಿ ದೂರದಿಂದಲೇ ಮೊಬೈಲಿನ ಪರದೆಯನ್ನು ವಶಮಾಡಿಕೊಳ್ಳುವ ವಂಚನೆಯನ್ನು ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಅಂತಹ ಪರದೆಯ ಮೇಲೆ ಮ್ಯಾನೇಜರ್ ತೆರೆದುಕೊಂಡಿದ್ದರೆ ಒಂದು ಖಾತೆಗೆ ಒದಗಬಹುದಾಗಿದ್ದ ಹಾನಿಯು ಸಮಸ್ತ ಖಾತೆಗಳಿಗೂ ವ್ಯಾಪಿಸುವುದು. ಈ ವಾದವು ಮ್ಯಾನೇಜರು ಬೇಡವೆಂಬುದನ್ನು ಸಿದ್ಧಪಡಿಸುವುದಿಲ್ಲವೆಂದು ನನಗೆ ತೋರುತ್ತದೆ. ಯುಪಿಐ ಪಿನ್ನನ್ನೂ ಎಟಿಎಂ ಪಿನ್ನನ್ನೂ ಅದರೊಳಗೆ ಎಂದಿಗೂ ಬರೆಯಕೂಡದೆಂಬಷ್ಟನ್ನು ಮಾತ್ರ ನಿರ್ವಿವಾದವಾಗಿ ಸಿದ್ಧಪಡಿಸುತ್ತದೆ.

ವಿರೋಧಪಕ್ಷದ ನಿಜವಾದ ಬಲವಿರುವುದು ಮೂರನೆಯ ವಾದದಲ್ಲಿ; ಅದನ್ನು ತಂತ್ರಜ್ಞರು ಎತ್ತುವುದು ಅಪೂರ್ವ. ಮನೆಯಲ್ಲಿ ಮ್ಯಾನೇಜರನ್ನು ಸ್ಥಾಪಿಸುವವರು ಯಾರು? ಬೆಂಗಳೂರಿನಲ್ಲಿಯೋ ಡಲ್ಲಾಸಿನಲ್ಲಿಯೋ ಇರುವ ಮಗನು ರಜೆಗೆಂದು ಹಾಸನಕ್ಕೆ ಬರುತ್ತಾನೆ. ತಂದೆಯವರು ಡೈರಿಯ ಕಡೆಯ ಪುಟದಲ್ಲಿ ನೀಲಿ ಶಾಯಿಯಿಂದ ಬರೆದು, ಹಳೆಯದನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದಿಟ್ಟ ಪಾಸ್‌ವರ್ಡುಗಳನ್ನು ಕಂಡು ಗಾಬರಿಗೊಳ್ಳುತ್ತಾನೆ. ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಬದಲಾಯಿಸಿ, ಮುಖ್ಯ ಪಾಸ್‌ವರ್ಡನ್ನು ತಾನೇ ಇಟ್ಟು, ಡೈರಿಯ ಆ ಪುಟವನ್ನು ಹರಿದು ಹೊರಡುತ್ತಾನೆ. ಅವನ ಉದ್ದೇಶ ಸಾಧುವಾದದ್ದೇ. ಆದರೆ ಅಂದಿನವರೆಗೆ ತಮ್ಮ ಪಿಂಚಣಿಯ ಖಾತೆಯನ್ನು ತಾವೇ ತೆರೆದು ನೋಡುತ್ತಿದ್ದ ಹಿರಿಯರು ಅಂದಿನಿಂದ ‘ಮಗಾ, ಸ್ವಲ್ಪ ಬಿಡುವಿದ್ದರೆ ಬ್ಯಾಲೆನ್ಸ್ ನೋಡಿ ಹೇಳಪ್ಪಾ’ ಎಂದು ಫೋನು ಮಾಡಬೇಕಾಗುತ್ತದೆ. ಪತ್ನಿಯ ಸಂಬಳದ ಖಾತೆ, ತಾಯಿಯ ಹೆಸರಿನ ಠೇವಣಿ ಇವೆಲ್ಲವೂ ಕುಟುಂಬದ ಒಂದೇ ಸಂಗ್ರಹದಲ್ಲಿ ಸೇರಿದಾಗ, ಸುರಕ್ಷಿತತೆಯ ಹೆಸರಿನಲ್ಲಿ ಮನೆಯ ಯಜಮಾನಿಕೆಯು ಕಂಪ್ಯೂಟರ್ ಬಲ್ಲ ಒಬ್ಬನ ಕೈಗೆ ಮೌನವಾಗಿ ಹಸ್ತಾಂತರವಾಗುತ್ತದೆ. ಮನೆಯೊಳಗೆ ಬೀರುವಿನಲ್ಲಿದ್ದ ಡೈರಿಯು ದೂರದ ಚೋರನಿಗೆ ಎಂದೂ ಎಟುಕುತ್ತಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ನೆನೆಯಬೇಕು. ವೃದ್ಧರ ಮಟ್ಟಿಗೆ, ಪ್ರತ್ಯೇಕವಾದ ದೀರ್ಘ ಪಾಸ್‌ವರ್ಡುಗಳನ್ನು ಬರೆದಿಟ್ಟ ಕಾಗದವು ಅವಹೇಳನಕ್ಕೆ ಯೋಗ್ಯವಲ್ಲ.

ಇದಕ್ಕೆ ಪರಪಕ್ಷದವರು ಕೊಡುವ ಸಮಾಧಾನವನ್ನು ನಾನು ಒಪ್ಪುತ್ತೇನೆ: ವಯಸ್ಕರಾದ ಪ್ರತಿಯೊಬ್ಬರಿಗೂ ಅವರವರದೇ ಸಂಗ್ರಹ, ಅವರವರೇ ಆರಿಸಿ ಬರೆದುಕೊಂಡ ಮುಖ್ಯ ಪಾಸ್‌ವರ್ಡು, ವಿದ್ಯುತ್ತು, ಅನಿಲ, ಶಾಲೆಯ ಶುಲ್ಕದಂತಹ ಸಾಮಾನ್ಯ ವ್ಯವಹಾರಕ್ಕೆ ಮಾತ್ರ ಎಲ್ಲರಿಗೂ ಸೇರಿದ ಇನ್ನೊಂದು. ಅಪ್ಪ, ಅಮ್ಮ ತಮ್ಮ ಬೆರಳಿನಿಂದ ತಾವೇ ತೆರೆಯುವುದನ್ನು ಕಲಿಯುವ ತನಕ ಮಗನು ಇನ್ನೆರಡು ದಿನ ಊರಿನಲ್ಲಿ ನಿಲ್ಲಬೇಕಾಗಬಹುದು, ನಿಲ್ಲಲಿ. ಮುಖ್ಯ ಪಾಸ್‌ವರ್ಡು ಮರೆತುಹೋದರೆ ಬಿಟ್‌ವಾರ್ಡನ್ನಿನಂತಹ ಕಂಪನಿಗಳು ಅದನ್ನು ಹೇಳಿಕೊಡಲಾರವು, ಅವರಿಗೇ ಅದು ತಿಳಿಯದು. ಆದುದರಿಂದ ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಮನೆಯ ಪತ್ರಗಳೊಂದಿಗೆ ಇಡುವುದು ಲೋಪವಲ್ಲ, ಕರ್ತವ್ಯ.

ಉಳಿಯುವುದು ಮರಣಾನಂತರದ ಪ್ರಶ್ನೆ. ಬಿಟ್‌ವಾರ್ಡನ್‌ನಲ್ಲಿ ಮೊದಲೇ ಹೆಸರಿಸಿದವರು ಕೋರಿಕೆ ಸಲ್ಲಿಸಿ, ಗೊತ್ತುಪಡಿಸಿದಷ್ಟು ದಿನ ಕಾದು ಸಂಗ್ರಹವನ್ನು ತೆರೆಯುವ ಏರ್ಪಾಡು ಇದೆ. ಇದನ್ನು ಪರಪಕ್ಷದವರು ದೊಡ್ಡ ಅನುಕೂಲವಾಗಿ ಎಣಿಸುತ್ತಾರೆ. ಇ-ಮೇಲಿಗೂ ಫೋಟೋಗಳಿಗೂ ಅದು ಅನುಕೂಲವೇ. ಬ್ಯಾಂಕಿನ ಮಟ್ಟಿಗೆ ಹಾಗಲ್ಲ: ತೀರಿಕೊಂಡವರ ಖಾತೆಗೆ ಅವರ ಪಾಸ್‌ವರ್ಡಿನಿಂದ ಪ್ರವೇಶಿಸಿ ಹಣ ತೆಗೆಯುವ ಅಧಿಕಾರ ಮಕ್ಕಳಿಗೂ ಇಲ್ಲ, ಮರಣಪತ್ರದೊಡನೆ ಶಾಖೆಗೆ ಹೋಗಿ, ನಾಮನಿರ್ದೇಶಿತರಾಗಿಯೋ ವಾರಸುದಾರರಾಗಿಯೋ ಅರ್ಜಿ ಕೊಟ್ಟು ಪಡೆಯತಕ್ಕದ್ದು. ಆ ದಿನ ಮನೆಯವರಿಗೆ ಬೇಕಾಗುವುದು ಪಾಸ್‌ವರ್ಡುಗಳಲ್ಲ; ಯಾವ ಊರಿನ ಯಾವ ಶಾಖೆಯಲ್ಲಿ ಖಾತೆಯಿದೆ, ಎಲ್‌ಐಸಿಯ ಪಾಲಿಸಿಗಳೆಷ್ಟು, ಭವಿಷ್ಯನಿಧಿಯ ಸಂಖ್ಯೆ ಯಾವುದು, ಪ್ರತಿಯೊಂದರಲ್ಲಿಯೂ ನಾಮಿನಿಯೆಂದು ಬರೆದಿರುವ ಹೆಸರು ಯಾರದು ಎಂಬ ಪಟ್ಟಿ. ಅದನ್ನು ಎರಡು ಪ್ರತಿ ಮಾಡಿ, ಒಂದನ್ನು ಆ ಲಕೋಟೆಯ ಜತೆಯಲ್ಲಿಯೂ ಇನ್ನೊಂದನ್ನು ನಂಬಿಕೆಯ ಬಂಧುವೊಬ್ಬರ ಮನೆಯಲ್ಲಿಯೂ ಇಟ್ಟು, ಹೊಸ ಖಾತೆ ತೆರೆದಾಗಲೆಲ್ಲ ಎರಡನ್ನೂ ತಿದ್ದಿಡಬೇಕು.