ಅಂಗಡಿ ಮನೆಯೊಳಗೂ ಒಂದು ಕಾಡಿದೆ

ಶಿರಸಿ, ಸಾಗರ, ತೀರ್ಥಹಳ್ಳಿಯಂತಹ ಮಲೆನಾಡಿನ ಪೇಟೆಗಳಲ್ಲಿ ಹಳೆಯ ಅಂಗಡಿ ಮನೆಗಳು ಕಣ್ಮರೆಯಾಗುತ್ತಿವೆ. ರಸ್ತೆ ವಿಸ್ತರಣೆ ಒಂದು ಕಾರಣ. ಹಿಸ್ಸೆ, ದುರಸ್ತಿಯ ಖರ್ಚು ಇನ್ನೊಂದು. 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದ ನಾಡು, ಇದನ್ನು ಮಾತ್ರ ಪೇಟೆಯವರ ಸ್ವಂತ ವ್ಯವಹಾರವೆಂದು ಕೈಬಿಟ್ಟಿದೆ.

ಈ ಮನೆಗಳ ಮುಖ ಕಿರಿದು, ಒಡಲು ಉದ್ದ. ಬೀದಿಗೆ ತಾಗಿ ಜಗಲಿ. ಅದರ ಮೇಲೆ ಮುಂಚಾಚಿದ ಮಾಡು. ಮಳೆಗಾಲದಲ್ಲಿ ದಾರಿಹೋಕರಿಗೂ ಅಲ್ಲಿ ಆಸರೆ. ಅಂಗಡಿಗೆ ಗಾಡಿಯಲ್ಲಿ ಜಾರಿಸಿ ಕೂರಿಸುವ ಹಲಗೆಗಳೇ ಬಾಗಿಲು. ಬೆಳಿಗ್ಗೆ ಹಲಗೆ ತೆಗೆದರೆ ಬೀದಿಯೇ ಅಂಗಡಿಯೊಳಗೆ ಬಂದಂತೆ. ಹಿಂದೆ ವಾಸದ ಕೋಣೆಗಳು, ಬೆಳಕಿಗೊಂದು ಒಳಅಂಗಳ, ಕೊನೆಗೆ ಬಾವಿ, ಹಿತ್ತಿಲು. ಮೇಲೆ ಅಟ್ಟ. ಹಂಚಿನ ಸಂದುಗಳಲ್ಲಿ ಗಾಳಿ ಆಡುವುದರಿಂದ, ಕೆಳಗೆ ನೆಲ ಜಿನುಗುವ ಆಷಾಢದಲ್ಲೂ ಅಡಿಕೆ, ಮೆಣಸುಗಳನ್ನು ಇಡಲು ಅದೇ ತಕ್ಕ ಸ್ಥಳ. ಬೂಷ್ಟು ತೇವವಿದ್ದಲ್ಲಿ ಬೆಳೆಯುತ್ತದೆ. ಈ ಸತ್ಯವನ್ನು ಬಡಗಿಗಳು ಪ್ರಯೋಗಾಲಯವಿಲ್ಲದೆ ಅರಿತಿದ್ದರು.

ಗೋಡೆಗೆ ಜಂಬಿಟ್ಟಿಗೆ ಅಥವಾ ಮಣ್ಣು, ಕಂಬ ತೊಲೆಗಳಿಗೆ ಹಲಸು, ಮತ್ತಿ, ಹೊನ್ನೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ, ನಾಡಹಂಚು ಮತ್ತು ಹುಲ್ಲಿನ ಮಾಡುಗಳ ಜಾಗಕ್ಕೆ ಮಂಗಳೂರು ಹಂಚು ಕ್ರಮೇಣ ಬಂದಿತು. ಅಂತಹ ತೊಲೆಯನ್ನು ಕೊಡುವ ಮರ ಬೆಳೆಯಲು ಹಲವು ದಶಕಗಳು ಬೇಕು. ಜೆಸಿಬಿಗೆ ಒಂದು ಮುಂಜಾನೆ ಸಾಕು. ಬದಲಿಗೆ ಏಳುವುದು ಕಾಂಕ್ರೀಟಿನ ಪೆಟ್ಟಿಗೆ. ಅದಕ್ಕೆ ಹೊಳೆಯ ಮರಳು, ಗುಡ್ಡದ ಕಲ್ಲು, ಸಿಮೆಂಟು ಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ನೂರಕ್ಕೆ ಸುಮಾರು 7–8 ಭಾಗ ಸಿಮೆಂಟು ತಯಾರಿಕೆಯದೇ.

ಹಳೆಯ ಮನೆಯೆಲ್ಲ ಸುಖದ ನೆಲೆಯಲ್ಲ, ನಿಜ. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸಬೇಕು, ಗೆದ್ದಲು ಕಾಯಬೇಕು. ನಡುಕೋಣೆಗಳಲ್ಲಿ ಹಗಲಲ್ಲೂ ಕತ್ತಲು. ಈ ಹೊರೆಯನ್ನು ಒಡೆಯನೊಬ್ಬನ ತಲೆಗೆ ಹೊರಿಸಿ, ಉಳಿಸೆಂದು ಉಪದೇಶಿಸುವುದು ನ್ಯಾಯವಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟವಿರಲಿ. ದುರಸ್ತಿ ಮಾಡಿ ಉಳಿಸಿಕೊಳ್ಳುವವರಿಗೆ ಪುರಸಭೆ, ನಗರಸಭೆಗಳು ಮನೆ ಕಂದಾಯದಲ್ಲಿ ರಿಯಾಯಿತಿ ಕೊಡಲಿ. ರಸ್ತೆ ಅಗಲಿಸುವ ಮುನ್ನ ಸಾಲುಮನೆಗಳ ಪಟ್ಟಿಯಾಗಲಿ. ಕೆಡವಲೇಬೇಕಾದರೆ ತೊಲೆ, ಹಂಚು, ಬಾಗಿಲುಗಳು ಮರುಬಳಕೆಯಾಗಲಿ. ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಪೇಟೆಯ ಒಂದು ಮನೆಯನ್ನಾದರೂ ಅಳೆದು, ನಕ್ಷೆ ಬರೆದು, ಹಿರಿಯ ಬಡಗಿಯೊಬ್ಬರ ಮಾತನ್ನು ದಾಖಲಿಸಲಿ. ಕಾಡಿನಲ್ಲಿ ನಿಂತ ಮರಕ್ಕೆ ಕಾವಲಾಗುವವರು, ಮನೆಯಲ್ಲಿ ಕಂಬವಾಗಿ ನಿಂತ ಮರಕ್ಕೂ ಕಾವಲಾಗಬೇಕು.