ಕೊರತೆಗಳ ಪಟ್ಟಿಯಿಂದ ಆಟಗಾರನನ್ನು ಅಳೆಯಬಹುದೆ?

ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಎಡಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಪರದೆಯ ಮುಂದೆ ಹೆಚ್ಚು ಹೊತ್ತು ಕೂರಬಾರದೆಂದು ಮನೆಯವರ ಕಟ್ಟಪ್ಪಣೆಯಾಗಿದೆ. ಆದರೆ ಕಳೆದ ವಾರದ ಒಂದು ಸಂಗತಿ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಅವನ ಮಗ ಅಲ್ಲಿಯ ಒಂದು ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್. (ಆಟದ ಪರಿಚಯವಿಲ್ಲದ ನೆಂಟರಿಷ್ಟರಿಗೆ ಒಂದು ಮಾತು: ಚೆಂಡನ್ನು ಪುಟಿಸುತ್ತ ಅಂಕಣದ ಆ ತುದಿಗೆ ಒಯ್ಯುವುದು, ಜೊತೆಯವರಿಗೆ ಹಂಚುವುದು, ದೂರದಿಂದ ಬುಟ್ಟಿಗೆ ಎಸೆಯುವುದು ಗಾರ್ಡ್‌ಗಳ ಕೆಲಸ. ತಂಡದಲ್ಲಿ ಸಾಮಾನ್ಯವಾಗಿ ಅವರೇ ಗಿಡ್ಡರು.) ಕಾಫಿ ಕುಡಿದಾದ ಮೇಲೆ ಅವನು ಜೇಬಿನಿಂದ ಮಡಿಸಿದ ಒಂದು ಹಾಳೆಯನ್ನು ತೆಗೆದು ನನ್ನ ಮುಂದಿಟ್ಟ. ದುಡ್ಡು ಕೊಟ್ಟು ಯಾರೋ ಪರಿಣತರಿಂದ ಮಾಡಿಸಿದ ಮಗನ ಮೌಲ್ಯಮಾಪನ. ಎತ್ತರ ಸಾಲದು, ಮೈತೂಕ ಸಾಲದು, ನೆಗೆತ ಸಾಲದು, ಬಲಿಷ್ಠರ ಎದುರು ನಿಲ್ಲಲಾರ, ಎರಡು ಬಗೆಯ ಗಾರ್ಡ್ ಸ್ಥಾನಗಳಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಕೊನೆಯ ಸಾಲಿನಲ್ಲಿ ತೀರ್ಪು: ವೃತ್ತಿಪರ ಆಟದ ಸಾಧ್ಯತೆ ಕಡಿಮೆ.

"ಮೇಷ್ಟ್ರೇ, ಆಟ ಬಿಟ್ಟು ಓದಿನ ಕಡೆ ನೋಡು ಅಂತ ಹೇಳಿಬಿಡಲಾ?" ಎಂದು ಅವನು ಕೇಳಿದ.

ಆ ಕ್ಷಣದಲ್ಲಿ ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಆ ಹಾಳೆಯಲ್ಲಿ ಸುಳ್ಳಿದೆ ಎಂದು ನಾನು ವಾದಿಸುವುದಿಲ್ಲ. ಒಂದೊಂದು ಸಾಲೂ ನಿಜವಿರಬಹುದು. ಇಂಥ ಹಾಳೆಯನ್ನು ಮೌಲ್ಯಮಾಪನವೆಂದು ಕರೆಯುವುದಕ್ಕೆ ನನ್ನ ಆಕ್ಷೇಪ. ಹುಡುಗನಲ್ಲಿ ಏನೇನಿಲ್ಲವೆಂದು ಬರೆದವರು ಅವನಲ್ಲಿ ಏನಿದೆಯೆಂಬುದನ್ನು ಒಂದು ಸಾಲಿನಲ್ಲೂ ಹೇಳಿಲ್ಲ. ಉತ್ತರಪತ್ರಿಕೆಯಲ್ಲಿ ಬರೆಯದೆ ಬಿಟ್ಟ ಪ್ರಶ್ನೆಗಳನ್ನಷ್ಟೇ ಎಣಿಸಿ, ಬರೆದದ್ದನ್ನು ಓದದೆ ಅಂಕ ಹಾಕುವ ಪರೀಕ್ಷಕನನ್ನು ನೀವು ಏನೆಂದು ಕರೆಯುತ್ತೀರಿ?

ಇಂಥದೇ ಇನ್ನೊಂದು ಹಾಳೆಯ ಕಥೆ ನನಗೆ ಗೊತ್ತು. 2008ರ ಮಾರ್ಚ್ ತಿಂಗಳಲ್ಲಿ ನಾನು ಉತ್ತರ ಕೆರೊಲಿನಾದ ಶಾರ್ಲಟ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಊರಿಗೆ ಊರೇ ಒಂದು ಸಣ್ಣ ಕಾಲೇಜಿನ ಹೆಸರು ಹೇಳುತ್ತಿತ್ತು. ಶಾರ್ಲಟ್‌ನಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಡೇವಿಡ್‌ಸನ್ ಕಾಲೇಜು ಅದು; ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರವನ್ನೂ ಮುಟ್ಟದು. ಆ ಕಾಲೇಜಿನ ತಂಡ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗೊಂಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳನ್ನು ಒಂದಾದ ಮೇಲೊಂದರಂತೆ ಮಣಿಸಿತ್ತು. ಮೂರರಲ್ಲೂ ಗೆಲುವಿಗೆ ಕಾರಣನಾದವನು ಸ್ಟೀಫನ್ ಕರಿ ಎಂಬ ಸಪೂರ ಹುಡುಗ. ಗಳಿಸಿದ ಅಂಕಗಳು ಕ್ರಮವಾಗಿ 40, 30, 33. ನೋಡಿದರೆ ಹೈಸ್ಕೂಲಿನ ಹುಡುಗನೊಬ್ಬ ದಾರಿ ತಪ್ಪಿ ದೊಡ್ಡವರ ನಡುವೆ ಬಂದು ನಿಂತಂತಿದ್ದ. ನನ್ನ ಅಳಿಯಂದಿರು ಸೋಫಾದಿಂದ ಎದ್ದು ನಿಂತೇ ಆಟ ನೋಡುತ್ತಿದ್ದರು.

ಈ ಹುಡುಗನ ತಂದೆ ಡೆಲ್ ಕರಿ, ಎನ್‌ಬಿಎಯಲ್ಲಿ 16 ವರ್ಷ ಆಡಿದವರು. ಆದರೂ ತಂದೆ ಓದಿದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ ಮಗನಿಗೆ ವಿದ್ಯಾರ್ಥಿವೇತನ ಕೊಡಲು ಮುಂದಾಗಲಿಲ್ಲ. ಬೇಕಿದ್ದರೆ ತನ್ನ ಖರ್ಚಿನಲ್ಲಿ ಬಂದು ಸೇರಲಿ ಎಂದಿತು. ಡೇವಿಡ್‌ಸನ್‌ನ ತರಬೇತುದಾರ ಬಾಬ್ ಮೆಕಿಲಪ್ ಕರೆದರು, ಹುಡುಗ ಹೋದ. ಮೂರನೆಯ ವರ್ಷದಲ್ಲಿ ಪಂದ್ಯವೊಂದಕ್ಕೆ ಸರಾಸರಿ 28.6 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾದ.

ಇಷ್ಟಾದ ಮೇಲೂ 2009ರ ಡ್ರಾಫ್ಟ್‌ಗೆ ಮುಂಚೆ ಪರಿಣತರು ಬರೆದ ವರದಿಗಳನ್ನು ಓದಿದರೆ ನನ್ನ ವಿದ್ಯಾರ್ಥಿಯ ಜೇಬಿನ ಹಾಳೆಯೇ ನೆನಪಾಗುತ್ತದೆ. 6 ಅಡಿ 3 ಅಂಗುಲ ಎತ್ತರ, 82 ಕಿಲೋ ತೂಕ. ಶೂಟಿಂಗ್ ಗಾರ್ಡ್ ಆಗಲು ಮೈ ಸಾಲದು, ಪಾಯಿಂಟ್ ಗಾರ್ಡ್ ಆಗಲು ಹುಟ್ಟುಗುಣವಿಲ್ಲ, ನೆಗೆತದಲ್ಲಿ ಆ ಮಟ್ಟದವನಲ್ಲ. ಜೂನ್ 25ರಂದು ನ್ಯೂಯಾರ್ಕಿನಲ್ಲಿ ಆಯ್ಕೆ ನಡೆದಾಗ ಇವನ ಹೆಸರು ಬಂದದ್ದು ಏಳನೆಯದಾಗಿ. ಮೊದಲ ಹೆಸರು ಬ್ಲೇಕ್ ಗ್ರಿಫಿನ್‌ನದು, ಅದರಲ್ಲಿ ತಪ್ಪೇನಿಲ್ಲ. ಎರಡನೆಯ ಸ್ಥಾನ 7 ಅಡಿ 3 ಅಂಗುಲದ ಹಷೀಮ್ ಥಬೀಟ್‌ಗೆ ಸಂದಿತು. ಎತ್ತರವನ್ನು ಅಳೆಯಲು ಟೇಪು ಸಾಕು, ಅದಕ್ಕೇ ಅದರ ಮೇಲೆ ಅಷ್ಟು ವ್ಯಾಮೋಹ! ಐದು ಮತ್ತು ಆರನೆಯ ಸ್ಥಾನಗಳೆರಡೂ ಮಿನೆಸೊಟಾ ತಂಡದ ಕೈಯಲ್ಲಿದ್ದವು. ಅವರಿಗೆ ಬೇಕಾಗಿದ್ದದ್ದೂ ಗಾರ್ಡೇ. ರಿಕಿ ರೂಬಿಯೊ, ಜಾನಿ ಫ್ಲಿನ್ ಎಂಬ ಇಬ್ಬರು ಗಾರ್ಡ್‌ಗಳನ್ನು ಆರಿಸಿ, ಮೂರನೆಯವನನ್ನು ಗೋಲ್ಡನ್ ಸ್ಟೇಟ್ ತಂಡಕ್ಕೆ ಬಿಟ್ಟುಕೊಟ್ಟರು.

ಮುಂದಿನದನ್ನು ಆಟ ನೋಡುವವರಿಗೆ ಹೇಳಬೇಕಾಗಿಲ್ಲ. 2015, 2017, 2018, 2022ರ ಪ್ರಶಸ್ತಿಗಳು. 2016ರಲ್ಲಿ ಒಂದು ಮತವೂ ತಪ್ಪದೆ ಶ್ರೇಷ್ಠ ಆಟಗಾರನೆಂಬ ಮನ್ನಣೆ. 2021ರ ಡಿಸೆಂಬರ್‌ನಲ್ಲಿ ರೇ ಆಲನ್‌ನ ಮೂರಂಕದ ಎಸೆತಗಳ ದಾಖಲೆ ಮುರಿದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ 24 ಅಂಕ.

ಇದನ್ನೆಲ್ಲ ಹೇಳಿದಾಗ ಪರಿಣತರ ಪರ ವಹಿಸುವವರು ಕೊಡುವ ಸಮಜಾಯಿಷಿ ಒಂದೇ: ಆಗಿನ ಆಟವೇ ಬೇರೆ, ಈಗಿನ ಆಟವೇ ಬೇರೆ, ಇದನ್ನು ಮೊದಲೇ ಊಹಿಸಲು ಯಾರಿಂದ ಸಾಧ್ಯವಿತ್ತು? 2008-09ರಲ್ಲಿ ತಂಡವೊಂದು ಪಂದ್ಯಕ್ಕೆ ಸುಮಾರು 18 ಬಾರಿ ಮೂರಂಕದ ಗೆರೆಯಾಚೆಯಿಂದ ಎಸೆಯುತ್ತಿತ್ತು. 2024-25ರಲ್ಲಿ ಆ ಸಂಖ್ಯೆ 37ನ್ನು ದಾಟಿತು. ಒಪ್ಪಿದೆ. ಆದರೆ ಊಹೆಯ ಮಾತು ಹಾಗಿರಲಿ, ಲೆಕ್ಕ ಮಾಡಲು ಯಾರು ಅಡ್ಡಿ ಮಾಡಿದ್ದರು? 2007-08ರಲ್ಲಿ ಆ ಹುಡುಗ ಆಚೆಯಿಂದ ಎಸೆದು ಹಾಕಿದ್ದು 162. ಒಂದು ಋತುವಿನಲ್ಲಿ ಕಾಲೇಜಿನ ಯಾವ ಆಟಗಾರನೂ ಅಲ್ಲಿಯವರೆಗೆ ಅಷ್ಟನ್ನು ಹಾಕಿರಲಿಲ್ಲ. ನೂರಕ್ಕೆ 44ರಂತೆ ಬುಟ್ಟಿಗೆ ಬೀಳುತ್ತಿದ್ದವು. ಏಳನೆಯ ತರಗತಿಯ ಮಕ್ಕಳಿಗೆ ಕೊಡಬಹುದಾದ ಲೆಕ್ಕ ಇದು: ನೂರು ಎಸೆತಕ್ಕೆ 44 ಬಿದ್ದರೆ 132 ಅಂಕ. ಅಷ್ಟೇ ಅಂಕವನ್ನು ಎರಡಂಕದ ಎಸೆತಗಳಿಂದ ಗಳಿಸಬೇಕಾದರೆ ನೂರಕ್ಕೆ 66 ಬೀಳಬೇಕು. ಬುಟ್ಟಿಯ ಕೆಳಗೇ ನಿಲ್ಲುವ ದೈತ್ಯರಿಗೂ ಅದು ಸುಲಭವಲ್ಲ. ಈ ಗುಣಾಕಾರಕ್ಕೆ 2015ರವರೆಗೆ ಕಾಯಬೇಕಾಗಿರಲಿಲ್ಲ. ಮೂರಂಕದ ಗೆರೆ ಎನ್‌ಬಿಎಗೆ ಬಂದು ಆಗಲೇ ಮೂವತ್ತು ವರ್ಷವಾಗಿತ್ತು.

ಅಂಕಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೆರಡು ಪಂದ್ಯಗಳು. ಮೊದಲನೆಯದು 2006ರ ನವೆಂಬರ್‌ನಲ್ಲಿ, ಕರಿಯ ಮೊಟ್ಟಮೊದಲ ಕಾಲೇಜು ಪಂದ್ಯ. ಅದರಲ್ಲಿ ಅವನು ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದು ಹದಿಮೂರು ಬಾರಿ! ನಮ್ಮ ಶಾಲೆಗಳಲ್ಲಾಗಿದ್ದರೆ ಆ ಹುಡುಗನನ್ನು ಮರುದಿನ ನೀರಿನ ಬಾಟಲಿ ಹೊರಲು ಹಚ್ಚುತ್ತಿದ್ದೆವು. ಮೆಕಿಲಪ್ ಮುಂದಿನ ಪಂದ್ಯದಲ್ಲೂ ಅವನನ್ನೇ ಇಳಿಸಿದರು. ಎದುರಿಗಿದ್ದದ್ದು ಮಿಷಿಗನ್, ಹುಡುಗ ಗಳಿಸಿದ್ದು 32 ಅಂಕ. ಎರಡನೆಯದು 2008ರ ನವೆಂಬರ್‌ನದು. ಮೇರಿಲ್ಯಾಂಡಿನ ಲೊಯೋಲಾ ತಂಡ ಆ ಪಂದ್ಯದುದ್ದಕ್ಕೂ ಕರಿಯೊಬ್ಬನ ಮೇಲೆಯೇ ಇಬ್ಬರನ್ನು ಕಾವಲಿಟ್ಟಿತು. ದೇಶದ ಅತ್ಯಂತ ಹೆಸರುವಾಸಿ ಕಾಲೇಜು ಆಟಗಾರ ಏನು ಮಾಡಿದ? ಮೂಲೆಗೆ ಹೋಗಿ ನಿಂತ. ಉಳಿದ ನಾಲ್ವರು ಮೂವರ ವಿರುದ್ಧ ಆಡಿಕೊಂಡರು. ಅವನ ಖಾತೆಯಲ್ಲಿ ಸೊನ್ನೆ. ಡೇವಿಡ್‌ಸನ್‌ಗೆ 78-48ರ ಗೆಲುವು. ಇಪ್ಪತ್ತು ವರ್ಷದ ಹುಡುಗನೊಬ್ಬ ಸೊನ್ನೆಯನ್ನು ಒಪ್ಪಿಕೊಂಡು ನಗುನಗುತ್ತ ಮನೆಗೆ ಹೋಗಬಲ್ಲನಾದರೆ ಅವನಿಗೆ ಆಟ ಅರ್ಥವಾಗಿದೆ ಎಂದು ನಾನು ತಿಳಿಯುತ್ತೇನೆ. ಪಾಯಿಂಟ್ ಗಾರ್ಡ್‌ನ ಹುಟ್ಟುಗುಣವಿಲ್ಲವೆಂದು ಬರೆದವರು ಈ ಪಂದ್ಯವನ್ನು ಯಾವ ಕಾಲಂನಲ್ಲಿ ತುಂಬಿಸಿದರೋ!

ಇಲ್ಲಿಗೆ ನಿಲ್ಲಿಸಿದರೆ ನಾನೂ ಅರ್ಧ ಉತ್ತರಪತ್ರಿಕೆ ಓದಿದ ಪರೀಕ್ಷಕನೇ ಆದೇನು. ಕೊರತೆಗಳ ಪಟ್ಟಿ ಕೆಲವೊಮ್ಮೆ ನಿಜವೂ ಆಗುತ್ತದೆ. ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಜಿಮ್ಮರ್ ಫ್ರೆಡೆಟ್ 2010-11ರಲ್ಲಿ ಪಂದ್ಯಕ್ಕೆ 28.9 ಅಂಕ ಗಳಿಸಿ ದೇಶಕ್ಕೆ ಮೊದಲಿಗನಾದ. ಕರಿಗಿಂತ ತುಸು ಹೆಚ್ಚೇ. ಅವನೂ ಗಾರ್ಡ್, ಅವನೂ ದೂರದಿಂದ ಎಸೆಯುವವನು, ಅವನ ಕಾಲು ಚುರುಕಿಲ್ಲವೆಂಬ ದೂರು ಅವನ ಮೇಲೂ ಇತ್ತು. ಹತ್ತನೆಯವನಾಗಿ ಆಯ್ಕೆಯಾಗಿ ಸ್ಯಾಕ್ರಮೆಂಟೊ ಸೇರಿದ. ಎನ್‌ಬಿಎಯಲ್ಲಿ ನೆಲೆ ನಿಲ್ಲಲಿಲ್ಲ. ಮುಂದೆ ಚೀನಾದ ಶಾಂಘೈಯಲ್ಲಿ ಹೆಸರು ಮಾಡಿದ. ಹಾಗಾದರೆ ಪಟ್ಟಿಯೇ ಗೆದ್ದಿತೆ? ಸ್ವಲ್ಪ ತಾಳಿ. ಅದೇ ರಾತ್ರಿ ಅದೇ ಸ್ಯಾಕ್ರಮೆಂಟೊ ತಂಡ ಅರವತ್ತನೆಯ, ಅಂದರೆ ಕಟ್ಟಕಡೆಯ ಸ್ಥಾನದಲ್ಲಿ ಐಸಯ್ಯಾ ಥಾಮಸ್ ಎಂಬ 5 ಅಡಿ 9 ಅಂಗುಲದ ಗಾರ್ಡ್‌ನನ್ನು ಆರಿಸಿತ್ತು. ಎತ್ತರದ ಕಾಲಂನಲ್ಲಿ ಅವನಿಗೆ ಉಳಿದವರೆಲ್ಲರಿಗಿಂತ ಕಡಿಮೆ ಅಂಕ. 2016-17ರಲ್ಲಿ ಬೋಸ್ಟನ್ ತಂಡಕ್ಕಾಗಿ ಆಡುತ್ತ ಅವನು ಗಳಿಸಿದ ಸರಾಸರಿ 28.9! ಫ್ರೆಡೆಟ್ ಕಾಲೇಜಿನಲ್ಲಿ ಗಳಿಸಿದ್ದನ್ನೇ ಇವನು ಎನ್‌ಬಿಎಯಲ್ಲಿ ಗಳಿಸಿದ.

ಮೂವರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟರೆ ಕೊರತೆಗಳು ಹೆಚ್ಚುಕಡಿಮೆ ಒಂದೇ ತೆರ. ಗತಿ ಮಾತ್ರ ಬೇರೆ ಬೇರೆ. ನನ್ನ ದೃಷ್ಟಿಯಲ್ಲಿ ಕರಿಗೂ ಫ್ರೆಡೆಟ್‌ಗೂ ಇದ್ದ ಅಂತರ ಕಂಡದ್ದು ಚೆಂಡು ಕೈಯಲ್ಲಿ ಇಲ್ಲದಾಗ. ಡೇವಿಡ್‌ಸನ್‌ನ ಎರಡನೆಯ ವರ್ಷ ಚೆಂಡು ಹೆಚ್ಚಾಗಿ ಇರುತ್ತಿದ್ದದ್ದು ಜೇಸನ್ ರಿಚರ್ಡ್ಸ್ ಎಂಬ ಜೊತೆಗಾರನ ಕೈಯಲ್ಲಿ; ಚೆಂಡು ಹಂಚುವುದರಲ್ಲಿ ಆ ವರ್ಷ ದೇಶಕ್ಕೇ ಮೊದಲಿಗ ಅವನು. ಕರಿ ಚೆಂಡಿಲ್ಲದೆ ಓಡುತ್ತಿದ್ದ, ಕಾವಲುಗಾರರನ್ನು ಅಲೆಸುತ್ತಿದ್ದ. ರಿಚರ್ಡ್ಸ್ ಹೋದ ಮೇಲೆ ಹಂಚುವ ಕೆಲಸವನ್ನೂ ಕಲಿತ. ಹೈಸ್ಕೂಲಿನಲ್ಲಿದ್ದಾಗ ಸೊಂಟದ ಮಟ್ಟದಿಂದ ಎಸೆಯುತ್ತಿದ್ದವನು ತಂದೆಯ ಮಾತು ಕೇಳಿ ಒಂದು ಬೇಸಿಗೆಯಿಡೀ ಎಸೆತವನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡವನು ಅವನು. ಅಲ್ಲಿಯವರೆಗೆ ಬಂದಿದ್ದದ್ದೂ ಆ ತಿಂಗಳುಗಳಲ್ಲಿ ಬರಲಿಲ್ಲವಂತೆ. ಪ್ರತಿ ವರ್ಷ ಹಿಂದಿನ ವರ್ಷ ಬಾರದಿದ್ದ ಒಂದು ವಿದ್ಯೆ ಅವನಿಗೆ ಬಂದಿರುತ್ತಿತ್ತು. ಒಂದು ದಿನದ ಅಳತೆಯ ಹಾಳೆಯಲ್ಲಿ ಇದು ಹೇಗೆ ಸಿಕ್ಕೀತು?

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಯೋಗ್ಯತೆ ಹುಡುಗನೊಬ್ಬನ ಸ್ವತ್ತೇನೂ ಅಲ್ಲ. ಇಟ್ಟುಕೊಂಡವರ ತಾಳ್ಮೆಯೂ ಅದರಲ್ಲಿ ಸೇರಿರುತ್ತದೆ. 2011-12ರಲ್ಲಿ ಕರಿ ಕಾಲಿನ ಹರಡಿನ ನೋವಿನಿಂದ ಆಡಿದ್ದು 26 ಪಂದ್ಯ ಮಾತ್ರ. ಆ ಮಾರ್ಚ್‌ನಲ್ಲಿ ತಂಡದವರು ಜನಪ್ರಿಯನಾಗಿದ್ದ ಮಾಂಟಾ ಎಲಿಸ್‌ನನ್ನು ಕೊಟ್ಟು, ಕುಂಟುತ್ತಿದ್ದವನನ್ನು ಉಳಿಸಿಕೊಂಡರು. ಕೆಲವೇ ದಿನಗಳಲ್ಲಿ ತುಂಬಿದ ಕ್ರೀಡಾಂಗಣ ತಂಡದ ಒಡೆಯನನ್ನು ಮಾತಾಡಗೊಡದೆ ಕೂಗಿ ಅವಮಾನಿಸಿತು. ಅಂದು ಕೂಗಿದವರ ಕೈಯಲ್ಲೂ ಒಂದೊಂದು ಹಾಳೆ ಇದ್ದಿರಬೇಕು.

ನನಗೆ ಇಷ್ಟು ಸಿಟ್ಟು ಏಕೆಂದು ಕೇಳುವಿರಾದರೆ, ಅಂಥ ಹಾಳೆಯನ್ನು ನಾನೂ ಬರೆದಿದ್ದೇನೆ. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದ ನಾಲ್ಕೈದು ವರ್ಷ ಆಟದ ಪಿರಿಯಡ್ ನನ್ನ ಪಾಲಿಗೆ ಬಂದಿತ್ತು. ತಾಲ್ಲೂಕು ಮಟ್ಟಕ್ಕೆ ತಂಡ ಆರಿಸುವಾಗ ಒಂಬತ್ತನೆಯ ತರಗತಿಯ ಒಬ್ಬ ಕುಳ್ಳ ಹುಡುಗ ಸಾಲಿನ ಕೊನೆಯಲ್ಲಿ ನಿಂತಿದ್ದ. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಕಂಬದಿಂದ ದೂರ ನಿಂತು ಎಸೆಯುತ್ತಿದ್ದದ್ದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಆದರೂ ಅಂದು, ಎಲ್ಲರ ಎದುರಿಗೆ, "ಮೊದಲು ಒಂದಡಿ ಬೆಳೆದು ಬಾರಯ್ಯ" ಎಂದುಬಿಟ್ಟೆ. ಹುಡುಗರೆಲ್ಲ ನಕ್ಕರು; ಅವನೂ ನಕ್ಕ. ಮರುದಿನದಿಂದ ಸಂಜೆ ಕಂಬದ ಬಳಿ ಯಾರೂ ಇರಲಿಲ್ಲ. ಎತ್ತರದವರನ್ನೇ ಆರಿಸಿಕೊಂಡು ಹೋದ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸಾಯಿತು. ಅವನು ದೊಡ್ಡ ಆಟಗಾರನಾಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಆ ಸಂಜೆಗಳು ಅವನವು; ಅವನ್ನು ಕಿತ್ತುಕೊಳ್ಳುವ ಅಧಿಕಾರ ನನಗಿರಲಿಲ್ಲ.

ಹಾಗಾಗಿ, ಮಗೂ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ಮಗ ಎನ್‌ಬಿಎ ಸೇರುತ್ತಾನೆಂದು ಆಸೆ ಹುಟ್ಟಿಸುವುದು ನನ್ನಿಂದಾಗದು. ಅಲ್ಲಿ ಮೊದಲ ದರ್ಜೆಯ ಪಂದ್ಯಾವಳಿಯಲ್ಲಿ ಆಡುವ ಕಾಲೇಜುಗಳೇ ಮುನ್ನೂರೈವತ್ತಕ್ಕೂ ಹೆಚ್ಚು. ವರ್ಷಕ್ಕೆ ಆಯ್ಕೆಯಾಗುವವರು ಹೆಚ್ಚೆಂದರೆ ಅರವತ್ತು, ಅವರಲ್ಲೂ ಹಲವರು ಹೊರದೇಶದವರು. ಲೆಕ್ಕದಲ್ಲಿ ನೀನು ಯಾವತ್ತೂ ಚುರುಕು, ಉಳಿದದ್ದನ್ನು ನೀನೇ ಮಾಡಿಕೊ. ಓದು ಬಿಡುವುದೂ ಬೇಡ. ಕರಿಯೇ ಮೂರನೆಯ ವರ್ಷಕ್ಕೆ ಬಿಟ್ಟ ಪದವಿಯನ್ನು 2022ರಲ್ಲಿ ಮುಗಿಸಿದ. ಆದರೆ ಆ ಹಾಳೆಯ ಬಲದಿಂದ ಹುಡುಗನನ್ನು ಆಟದಿಂದ ಎಬ್ಬಿಸಬೇಡ. ಅದನ್ನು ಬರೆದವರು ನಿನ್ನ ಮಗನ ಎಷ್ಟು ಪೂರ್ತಿ ಪಂದ್ಯ ನೋಡಿದ್ದಾರೆಂದು ಕೇಳು. ಎರಡು ವರ್ಷದ ಹಿಂದೆ ಬಾರದ ಯಾವ ವಿದ್ಯೆ ಈಗ ಅವನಿಗೆ ಬಂದಿದೆ, ಕೇಳು. ಇಬ್ಬರು ಮೈಮೇಲೆ ಬಿದ್ದಾಗ ಅವನು ಏನು ಮಾಡುತ್ತಾನೆ, ಅದನ್ನೂ ಕೇಳು. ಅವರಲ್ಲಿ ಉತ್ತರವಿಲ್ಲದಿದ್ದರೆ ಕೊಟ್ಟ ದುಡ್ಡು ವಾಪಸು ಕೇಳು.

ನೀನು ಹೊರಡುವುದು ಇಪ್ಪತ್ತನೆಯ ತಾರೀಖಿಗೆ ಎಂದಿದ್ದೆ. ಅಷ್ಟರೊಳಗೆ ಒಂದು ಸಂಜೆ ಬಾ. ಆ ಹಾಳೆ ಮನೆಯಲ್ಲೇ ಇರಲಿ. ಅವನು ಆಡಿ ಸೋತ ಒಂದು ಪಂದ್ಯದ ಪೂರ್ತಿ ವಿಡಿಯೊ ಇದ್ದರೆ ತೆಗೆದುಕೊಂಡು ಬಾ. ಬಲಗಣ್ಣು ಇನ್ನೂ ಚೆನ್ನಾಗಿಯೇ ಇದೆ, ಕೂತು ನೋಡೋಣ.