ಸಾಲಿನ ಕೊನೆಯಲ್ಲೊಂದು ಜಾಗ

ಮೊಹರಂ ಕುಣಿತದಲ್ಲಿ ಜಾತಿ, ಧರ್ಮ ಎನ್ನದೆ ಎಲ್ಲರೂ ಸೇರುತ್ತಾರೆ. ಜಾನಪದದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಮಾತನ್ನು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೂ ಬರೆದಿದ್ದೆ. ಈಗ 'ಎಲ್ಲರೂ' ಎಂಬ ಪದವನ್ನು ಹೊಡೆದುಹಾಕಿದ್ದೇನೆ.

ಕೆರೂರ ಸುತ್ತಿನ ಹಳ್ಳಿಗಳಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ. ಮಸೂತಿ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಹಲಗಿ ಬಡಿತಕ್ಕೆ, ರಿವಾಯತ್ ಪದಕ್ಕೆ ಹೆಜ್ಜೆ ಮೇಳದವರು ಸುತ್ತು ಕಟ್ಟಿ ಕುಣಿಯುತ್ತಾರೆ. ಹಿಂದೂ, ಮುಸ್ಲಿಂ ಇಬ್ಬರೂ ಒಂದೇ ಸುತ್ತಿನಲ್ಲಿರುತ್ತಾರೆ ಎಂಬುದು ಸುಳ್ಳಲ್ಲ.

ಅಲ್ಲಿ ಕಲಿಸಲು ಬೇರೆ ಮಾಸ್ತರ ಬೇಕಿಲ್ಲ. ಹತ್ತು ವರ್ಷದ ಹುಡುಗ ಸಾಲಿನ ಕೊನೆಗೆ ಸೇರಿಕೊಳ್ಳುತ್ತಾನೆ. ಮುಂದಿನವನ ಹಿಮ್ಮಡಿ ನೋಡಿ ಕಾಲಿಡುತ್ತಾನೆ, ತಪ್ಪುತ್ತಾನೆ, ಯಾರದೋ ಕಾಲು ತುಳಿಯುತ್ತಾನೆ. ಬೈಗುಳ ಬೀಳುತ್ತದೆ, ಕುಣಿತ ಮಾತ್ರ ನಿಲ್ಲುವುದಿಲ್ಲ. ತಪ್ಪಿದ ಹೆಜ್ಜೆ ಮುಂದಿನ ಸುತ್ತಿಗೆ ಮತ್ತೆ ಬಂದೇ ಬರುತ್ತದೆ. ನಾಲ್ಕು ಹಬ್ಬ ಕಳೆಯುವಷ್ಟರಲ್ಲಿ ಅವನ ಹಿಂದೆ ಇನ್ನೊಬ್ಬ ಹುಡುಗ ನಿಂತಿರುತ್ತಾನೆ. ತಪ್ಪು ಹಾಕುವವರಿಗೂ ಜಾಗ ಕೊಟ್ಟಿದ್ದಕ್ಕೇ ಈ ಕುಣಿತ ಇಷ್ಟು ಕಾಲ ಉಳಿದಿದೆ.

ಆ ಜಾಗ ಹುಡುಗಿಯರಿಗಿಲ್ಲ. ಚೊಂಗೆ ಮಾಡುವುದು, ಸಕ್ಕರೆ ಓದಿಸುವುದು, ಕಟ್ಟೆಯ ಮೇಲೆ ನಿಂತು ನೋಡುವುದು ನಮ್ಮ ಪಾಲು. ಕ್ಷೇತ್ರಕಾರ್ಯಕ್ಕೆ ಹೋದಾಗ ಹಿರಿಯ ಕಲಾವಿದರೊಬ್ಬರಿಗೆ, "ಕಾಕಾ, ನನಗೂ ಎರಡು ಹೆಜ್ಜಿ ಕಲಸ್ರಿ" ಎಂದೆ. "ನೀ ಬರಕೋ ಯವ್ವಾ, ಕುಣ್ಯಾಕ ಹುಡುಗ್ರು ಅದಾರ" ಎಂದು ನಕ್ಕರು. ಆರು ತಾಸಿನ ಧ್ವನಿಮುದ್ರಣ ನನ್ನ ಬಳಿ ಇದೆ. ಕಾಲಿಗೆ ಒಂದು ಹೆಜ್ಜೆಯೂ ಬಂದಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಗೆಳತಿ ಸಾಲ್ಸಾ ಕಲಿಯುತ್ತಿದ್ದಾಳೆ. ತಪ್ಪಿದರೆ ತಪ್ಪಲಿ, ಕುಣಿಯಿರಿ ಎಂದು ಮೊದಲ ದಿನವೇ ಹೇಳಿದರಂತೆ. ಜೋಡಿ ಬದಲಿಸುತ್ತ ಹೊಸಬರನ್ನು ಹಳಬರ ಜೊತೆ ಕುಣಿಸುತ್ತಾರಂತೆ. ಊರಿನ ಹುಡುಗನಿಗೆ ಪುಕ್ಕಟೆ ಸಿಕ್ಕಿದ್ದನ್ನು ಅದೇ ಊರಿನ ಹುಡುಗಿ ನಗರಕ್ಕೆ ಹೋಗಿ ದುಡ್ಡು ಕೊಟ್ಟು ಪಡೆಯಬೇಕು.

'ಅದು ಹರಕೆ, ಸಂಪ್ರದಾಯ' ಎನ್ನುವವರಿದ್ದಾರೆ. ಸರಿ, ಅಲಾಯಿ ಕುಣಿಯ ಮಾತು ಸದ್ಯ ಬಿಡೋಣ. ಅದೇ ಹೆಜ್ಜೆ ಯುವಜನೋತ್ಸವದ ವೇದಿಕೆ ಏರಿದಾಗ ಅಲ್ಲಿ ಯಾವ ಹರಕೆ ಇರುತ್ತದೆ? ನಾನು ನೋಡಿದ ತಂಡಗಳಲ್ಲಿ ಅಲ್ಲಿಯೂ ಗಂಡಸರೇ. ಇಷ್ಟೇ ಜನ, ಇಷ್ಟೇ ನಿಮಿಷ, ತಪ್ಪಿದರೆ ಅಂಕ ಹೋಯಿತು ಎಂಬ ಲೆಕ್ಕದಲ್ಲಿ ವೇದಿಕೆಯು ಸಾಲಿನ ಕೊನೆಯ ಆ ಹುಡುಗನನ್ನೂ ಹೊರಗಿಟ್ಟಿದೆ. ಡೊಳ್ಳು ಕೂಡ ಗಂಡಸರದೇ ಎನ್ನುತ್ತಿದ್ದರು. ಇಂದು ರಾಜ್ಯದಲ್ಲಿ ಮಹಿಳಾ ಡೊಳ್ಳು ತಂಡಗಳಿವೆ. ಅದಕ್ಕೆ ಬೀರಪ್ಪನೇನೂ ಮುನಿಸಿಕೊಂಡಿಲ್ಲ.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು, 2011ರಲ್ಲಿ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. ಕುಣಿತದ ಮೇಲೆ ಬರೆಯುವವರಿಗೆ ಈಗ ಬರವಿಲ್ಲ, ನಾನೂ ಅವರಲ್ಲಿ ಒಬ್ಬಳು. ನನ್ನ ಬೇಡಿಕೆ ಸಣ್ಣದು. ಹಬ್ಬಕ್ಕೆ ಮುಂಚಿನ ತಾಲೀಮಿನ ರಾತ್ರಿಗಳಲ್ಲಿ ಹುಡುಗಿಯರನ್ನೂ ಸಾಲಿನ ಕೊನೆಗೆ ನಿಲ್ಲಿಸಿಕೊಳ್ಳಿ. ತಪ್ಪು ಹಾಕುತ್ತೇವೆ, ಕಾಲು ತುಳಿಯುತ್ತೇವೆ, ಬೈಸಿಕೊಳ್ಳುತ್ತೇವೆ. ಆಮೇಲೆ ಬೇಕಾದರೆ ಆ ಪದವನ್ನು ನಾನು ಮತ್ತೆ ಬರೆಯುತ್ತೇನೆ.